ಬೆಳ್ಳಿಯ ಮೇಲಿನ ಅರಮನೆ: ಕೊಚ್ಚಿ ಮತ್ತು ತಿರುವನಂತಪುರಗಳ ರಾಜಸ್ಮೃತಿಯನ್ನು ಕುರಿತು

1

ಚಾರಿತ್ರಿಕ ಅರಮನೆಗಳ ಚಿತ್ರವನ್ನು ಹೊತ್ತ ಸ್ಮರಣಾರ್ಥ ಬೆಳ್ಳಿ ನಾಣ್ಯಗಳು ಲೋಕದ ಹಲವು ಟಂಕಸಾಲೆಗಳಿಂದ ಹೊರಬಂದಿವೆ. ಆಸ್ಟ್ರಿಯದ ಟಂಕಸಾಲೆ 2002ರಿಂದ 2004ರವರೆಗೆ ಆಂಬ್ರಾಸ್, ಎಗೆನ್‌ಬರ್ಗ್, ಹೋಫ್, ಶೋನ್‌ಬ್ರುನ್, ಹೆಲ್‌ಬ್ರುನ್, ಆರ್ಟ್‌ಸ್ಟೆಟೆನ್ ಎಂಬ ಆರು ಸೌಧಗಳನ್ನು ಹತ್ತು ಯೂರೋ ಮೌಲ್ಯದ ಬೆಳ್ಳಿ ನಾಣ್ಯಗಳಲ್ಲಿ ಮುದ್ರಿಸಿದ್ದು ಇದಕ್ಕೊಂದು ಒಳ್ಳೆಯ ನಿದರ್ಶನ. ಆ ದೇಶದಲ್ಲಿ ಅರಸೊತ್ತಿಗೆ ಕೊನೆಗೊಂಡದ್ದು 1918ರಲ್ಲಿ. ದೊರೆ ಆಳುತ್ತಿದ್ದಾಗ ಅಲ್ಲಿನ ಬೆಳ್ಳಿಯ ಮೇಲೆ ದೊರೆಯ ಮುಖವಿತ್ತು; ದೊರೆತನ ಅಳಿದು ಎಂಟು ದಶಕಗಳು ಕಳೆದ ಮೇಲೆ ಅದೇ ಬೆಳ್ಳಿಯ ಮೇಲೆ ಅರಮನೆಗಳು ಬಂದವು. ಈ ಕಾಲಾಂತರವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ ಎಂಬುದು ನಮ್ಮ ಭಾವನೆ. ಕೇರಳದ ಎರಡು ರಾಜಧಾನಿಗಳಾದ ಕೊಚ್ಚಿ ಮತ್ತು ತಿರುವನಂತಪುರಗಳನ್ನು ಮುಂದಿಟ್ಟುಕೊಂಡು ಈ ಭಾವನೆಯನ್ನು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಸ್ವತಂತ್ರ ಭಾರತದಲ್ಲಿ ಸ್ಮರಣಾರ್ಥ ನಾಣ್ಯಗಳ ಪರಂಪರೆ 1964ರಲ್ಲಿ ಜವಾಹರಲಾಲ್ ನೆಹರೂ ಅವರ ನೆನಪಿನ ನಾಣ್ಯದೊಂದಿಗೆ ಆರಂಭವಾಯಿತು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನಿಮಿತ್ತ ಹತ್ತು ರೂಪಾಯಿಯ ಬೆಳ್ಳಿ ನಾಣ್ಯ ಬಂದಿತು. ಆ ಬಳಿಕ ದೀರ್ಘಕಾಲ 44 ಮಿಲಿಮೀಟರ್ ವ್ಯಾಸದ, 35 ಗ್ರಾಂ ತೂಕದ ಬಿಲ್ಲೆಯೇ ದೊಡ್ಡ ಮೌಲ್ಯದ ಸ್ಮರಣಾರ್ಥ ನಾಣ್ಯಗಳಿಗೆ ರೂಢಿಯಾಯಿತು. ಜನ ಅದನ್ನು ಬೆಳ್ಳಿ ನಾಣ್ಯವೆಂದೇ ಕರೆದರೂ ಅದರಲ್ಲಿ ಬೆಳ್ಳಿಯ ಪಾಲು ಅರ್ಧ ಮಾತ್ರ. ಉಳಿದುದರಲ್ಲಿ ನೂರಕ್ಕೆ 40 ತಾಮ್ರ, ನಿಕ್ಕಲ್ ಮತ್ತು ಸತು ತಲಾ 5. ಕಟ್ಟಡಗಳೂ ಈ ಪರಂಪರೆಯಲ್ಲಿ ಸ್ಥಾನ ಪಡೆದಿವೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಸಹಸ್ರಮಾನದ ನೆನಪಿಗೆ 2010ರಲ್ಲಿ ಸಾವಿರ ರೂಪಾಯಿಯ ನಾಣ್ಯವೂ, ಹೊಸ ಸಂಸದ್ ಭವನದ ಉದ್ಘಾಟನೆಗೆ 2023ರಲ್ಲಿ ಎಪ್ಪತ್ತೈದು ರೂಪಾಯಿಯ ನಾಣ್ಯವೂ ಹೊರಬಂದವು. ಕೇರಳದ ಮಟ್ಟಿಗೆ, ಸಂತ ಅಲ್ಫೋನ್ಸಾ ಅವರ ಜನ್ಮಶತಾಬ್ದಿಯ ನಾಣ್ಯ 2009ರಲ್ಲಿ ಬಂದಿತು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕಾಯರ್ ಬೋರ್ಡಿನ ವಜ್ರಮಹೋತ್ಸವಕ್ಕೂ ನಾಣ್ಯ ಬಂದಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. 2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯವೆಂಬುದು ಕೇಂದ್ರ ಸರ್ಕಾರದ ಅಧಿಕಾರದಿಂದ ಮಾತ್ರ ಹುಟ್ಟುವ ವಸ್ತು. ಚಿನ್ನಬೆಳ್ಳಿಯ ಅಂಗಡಿಗಳಲ್ಲಿ ಉಡುಗೊರೆಗೆಂದು ಮಾರಾಟವಾಗುವ ಬಿಲ್ಲೆಗಳು ಜನರ ಬಾಯಲ್ಲಿ ನಾಣ್ಯವೆನಿಸಿದರೂ ಶಾಸ್ತ್ರದೃಷ್ಟಿಯಿಂದ ಅವು ಪದಕಗಳು. ಆದರೆ ಇವೆರಡೂ ಒಂದೇ ಬಗೆಯ ಚಿತ್ರಭಾಷೆಯನ್ನು ಬಳಸುವುದರಿಂದ, ಅರಮನೆಯ ಬಿಂಬವನ್ನು ಕುರಿತ ನಮ್ಮ ಪ್ರಶ್ನೆ ಎರಡಕ್ಕೂ ಅನ್ವಯಿಸುತ್ತದೆ. ಆ ಪ್ರಶ್ನೆ ಹೀಗಿದೆ: ಕೊಚ್ಚಿ ಮತ್ತು ತಿರುವಾಂಕೂರಿನ ಅರಸೊತ್ತಿಗೆಗಳನ್ನು ನೆನೆಯುವುದಕ್ಕೆ ಅರಮನೆಯ ಚಿತ್ರ ತಕ್ಕ ಗುರುತೇ? ಆ ಅರಸೊತ್ತಿಗೆಗಳು ತಮ್ಮನ್ನು ತಾವು ಬೆಳ್ಳಿಯ ಮೇಲೆ ಹೇಗೆ ಗುರುತಿಸಿಕೊಂಡಿದ್ದವು?

2

ತಿರುವಾಂಕೂರಿನ ಹಣದ ಲೆಕ್ಕ ಹೊರಗಿನವರಿಗೆ ಸ್ವಲ್ಪ ತೊಡಕಿನದು. ಹದಿನಾರು ಕಾಶಿಗೆ ಒಂದು ಚಕ್ರ, ನಾಲ್ಕು ಚಕ್ರಕ್ಕೆ ಒಂದು ಪಣ, ಏಳು ಪಣಕ್ಕೆ ಒಂದು ರೂಪಾಯಿ. ಇವುಗಳಲ್ಲಿ ಬೆಳ್ಳಿಯ ಚಕ್ರ ಎಷ್ಟು ಕಿರಿದಾಗಿತ್ತೆಂದರೆ, ಅದನ್ನು ಬೆರಳಿನಿಂದ ಎಣಿಸುವುದು ಕಷ್ಟವಾಗಿ, ಸಾಲುಸಾಲು ಕುಳಿಗಳನ್ನು ಕೊರೆದ ಮರದ ಹಲಗೆಯೊಂದನ್ನು ಬಳಸುತ್ತಿದ್ದರು. ನಾಣ್ಯಗಳನ್ನು ಹಲಗೆಯ ಮೇಲೆ ಸುರಿದು ಅಲುಗಿಸಿದರೆ ಕುಳಿಗೊಂದರಂತೆ ಕೂತು ಲೆಕ್ಕ ತಾನಾಗಿಯೇ ಸಿಕ್ಕುತ್ತಿತ್ತು. ಕೊಚ್ಚಿಯಲ್ಲಿ ಪುತ್ತನ್ ಎಂಬ ಸಣ್ಣ ಬೆಳ್ಳಿ ನಾಣ್ಯವಿತ್ತು. ಆ ಹೆಸರಿನ ಅರ್ಥ 'ಹೊಸದು' ಎಂದು.

ಈ ಪದಗಳು ಕನ್ನಡದ ಅಭ್ಯಾಸಿಗೆ ದೂರದವಲ್ಲ. ಮಲಯಾಳದ ಪಣವೇ ಪಕಾರಕ್ಕೆ ಹಕಾರ ಬಂದು ನಮ್ಮ ಹಣವಾಗಿದೆ. ಟಂಕಸಾಲೆಗೆ ಅವರು ಬಳಸುವ ಕಮ್ಮಟ್ಟಂ ನಮ್ಮ ಶಾಸನಗಳ ಕಮ್ಮಟವೇ ಆಗಿದೆ. ಹೀಗೆ ಮಾತು ಒಂದೇ ಬೇರಿನದಾಗಿರುವಾಗ ಲಾಂಛನದ ಕಲ್ಪನೆಯಲ್ಲೂ ಸಾಮ್ಯವಿರುವುದು ಸಹಜ. ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಗಂಡಭೇರುಂಡವಿದೆ. ಇಕ್ಕೇರಿಯ ವರಹದಲ್ಲಿ ಶಿವಪಾರ್ವತಿಯರಿದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಆನೆಯೂ ಸಿಂಹವೂ ಚಾಮುಂಡಿಯ ಹೆಸರೂ ಬಂದಿವೆ. ಅರಸನ ಅಧಿಕಾರ ಎಲ್ಲಿಂದ ಬಂತು ಎಂಬುದನ್ನು ಇವು ಹೇಳುತ್ತವೆ. ಅರಸ ಎಲ್ಲಿ ವಾಸವಾಗಿದ್ದ ಎಂಬುದು ಇವುಗಳ ವಿಷಯವಲ್ಲ.

ತಿರುವಾಂಕೂರಿನಲ್ಲಿ ಈ ತತ್ತ್ವ ಇನ್ನೂ ನಿಚ್ಚಳವಾಗಿ ಕಾಣುತ್ತದೆ. 1729ರಿಂದ 1758ರವರೆಗೆ ಆಳಿದ ಮಾರ್ತಾಂಡವರ್ಮ 1750ರ ಜನವರಿಯಲ್ಲಿ, ಅಂದರೆ ಕೊಲ್ಲವರ್ಷ 925ರ ಮಕರ ಮಾಸದಲ್ಲಿ, ತನ್ನ ರಾಜ್ಯವನ್ನೆಲ್ಲ ಶ್ರೀಪದ್ಮನಾಭನಿಗೆ ಒಪ್ಪಿಸಿ, ತಾನೂ ತನ್ನ ಉತ್ತರಾಧಿಕಾರಿಗಳೂ ಪದ್ಮನಾಭದಾಸರಾಗಿ ಆಳುವುದೆಂದು ನಿಶ್ಚಯಿಸಿದನು. ಚರಿತ್ರೆಯಲ್ಲಿ ಇದು ತೃಪ್ಪಡಿದಾನವೆಂದು ಪ್ರಸಿದ್ಧ. ಅಂದಿನಿಂದ ರಾಜ್ಯದ ಒಡೆಯ ದೇವರು, ಅರಸ ಅವನ ಪರವಾಗಿ ಆಡಳಿತ ನಡೆಸುವವನು. ಅಲ್ಲಿನ ಚಿನ್ನದ ನಾಣ್ಯಗಳಿಗೆ ಅನಂತರಾಯನ್ ಪಣ, ಅನಂತ ವರಾಹ ಎಂಬ ಹೆಸರುಗಳಿರುವುದೂ, ಬೆಳ್ಳಿಯ ಪಣ ಮತ್ತು ಅರ್ಧ ರೂಪಾಯಿಗಳಲ್ಲಿ ವಿಷ್ಣುವಿನ ಶಂಖ ಮುದ್ರಿತವಾಗಿರುವುದೂ ಇದೇ ನಂಬಿಕೆಯ ಫಲ.

ನಾಣ್ಯ ಕಿರಿದಾದ್ದರಿಂದ ಅರಮನೆಗೆ ಅದರಲ್ಲಿ ಸ್ಥಳವಿರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಚಕ್ರದ ಮಟ್ಟಿಗೆ ಆ ಮಾತು ನಿಜ. ಆದರೆ ಯಂತ್ರದಿಂದ ಮುದ್ರಿಸಿದ ಅರ್ಧ ರೂಪಾಯಿಗಳಲ್ಲಿ ಸ್ಥಳವಿತ್ತು, ಅಚ್ಚು ಕೊರೆಯುವ ಕೌಶಲವೂ ಇತ್ತು. ಆದರೂ ಅಲ್ಲಿ ಬಂದದ್ದು ಎಲೆಗಳ ಮಾಲೆಯ ನಡುವಿನ ಶಂಖವೇ. ಕಡೆಯ ಅರಸ ಚಿತ್ತಿರ ತಿರುನಾಳ್ ಬಾಲರಾಮವರ್ಮನ ಕಾಲದ ಚಕ್ರದ ಮೇಲೆ ಅರಸನ ಮುಖ ಬಂದಿತು. ಆಗಲೂ ಅರ್ಧ ರೂಪಾಯಿಯ ಬೆಳ್ಳಿಯಲ್ಲಿ ಶಂಖ ಉಳಿದುಕೊಂಡಿತು.

3

ನಾಣ್ಯ ಹೇಳದೆ ಉಳಿಸಿದ್ದನ್ನು ಅಂಚೆಚೀಟಿ ಹೇಳುತ್ತದೆ. ಎರಡೂ ರಾಜ್ಯಗಳಿಗೆ ಅಂಚಲ್ ಎಂಬ ಸ್ವಂತ ಅಂಚೆ ವ್ಯವಸ್ಥೆಯಿತ್ತು. ತಿರುವಾಂಕೂರಿನ ಮೊದಲ ಅಂಚಲ್ ಚೀಟಿಗಳು 1888ರಲ್ಲಿ ಬಂದವು. ಅವುಗಳ ಬೆಲೆ ಚಕ್ರಗಳಲ್ಲಿ, ಚಿತ್ರ ಶಂಖ. ಕೊಚ್ಚಿಯ ಮೊದಲ ಚೀಟಿಗಳು 1892ರವು. ಅವುಗಳ ಬೆಲೆ ಪುತ್ತನ್‌ಗಳಲ್ಲಿ, ಚಿತ್ರ ಶಂಖವನ್ನೊಳಗೊಂಡ ರಾಜಲಾಂಛನ. ಬೆಳ್ಳಿಯ ಎಣಿಕೆ ಮತ್ತು ಬೆಳ್ಳಿಯ ಗುರುತು ಎರಡೂ ಹೀಗೆ ನೇರವಾಗಿ ಕಾಗದಕ್ಕೆ ಬಂದದ್ದು ಗಮನಾರ್ಹ.

ಮುಂದಿನ ಬೆಳವಣಿಗೆ ಇನ್ನೂ ಕುತೂಹಲಕರವಾಗಿದೆ. 1931ರಲ್ಲಿ ಚಿತ್ತಿರ ತಿರುನಾಳನ ಪಟ್ಟಾಭಿಷೇಕದ ನೆನಪಿಗೆ ತಿರುವಾಂಕೂರು ಸ್ಮರಣಾರ್ಥ ಚೀಟಿಗಳನ್ನು ಹೊರಡಿಸಿತು. ಅವುಗಳಲ್ಲಿ ಪದ್ಮನಾಭ ದೇಗುಲ, ರಾಜರಥ ಮತ್ತು ಅರಸನ ಭಾವಚಿತ್ರಗಳಿವೆ. 1936ರ ನವೆಂಬರ್ 12ರ ದೇವಾಲಯ ಪ್ರವೇಶ ಘೋಷಣೆಯನ್ನು ಸ್ಮರಿಸುವ 1937ರ ಚೀಟಿಗಳಲ್ಲಿ ಅರಸನೊಂದಿಗೆ ದೇವಾಲಯಗಳಿವೆ. 1939ರ ಹುಟ್ಟುಹಬ್ಬದ ಚೀಟಿಗಳಲ್ಲಿ ಅಷ್ಟಮುಡಿ ಹಿನ್ನೀರು, ಕನ್ಯಾಕುಮಾರಿ, ಪೇಚಿಪ್ಪಾರೆ ಜಲಾಶಯಗಳಿವೆ. 1941ರ ಚೀಟಿಗಳಲ್ಲಿ ಅರುವಿಕ್ಕರ ಜಲಪಾತವೂ ಆಲುವಾದ ಮಾರ್ತಾಂಡವರ್ಮ ಸೇತುವೆಯೂ ಇವೆ. ಪಟ್ಟಾಭಿಷೇಕ ಮತ್ತು ಹುಟ್ಟುಹಬ್ಬಗಳಂಥ ಅರಮನೆಯ ಸ್ವಂತ ಸಂದರ್ಭಗಳಲ್ಲಿ ಕೂಡ ಪ್ರಭುತ್ವ ತನ್ನ ಪ್ರಜೆಗಳಿಗೆ ದೇಗುಲವನ್ನು, ಅಣೆಕಟ್ಟನ್ನು, ಸೇತುವೆಯನ್ನು ತೋರಿಸಿತು. ದೇಗುಲವು ಅಧಿಕಾರದ ಮೂಲ. ಅಣೆಕಟ್ಟು ಮತ್ತು ಸೇತುವೆಗಳು ಅಧಿಕಾರದ ಕಾರ್ಯ. ಇವೆರಡನ್ನೂ ತೋರಿಸಿದ ಮೇಲೆ ವಾಸದ ಮನೆಯನ್ನು ತೋರಿಸುವ ಅಗತ್ಯ ಅದಕ್ಕೆ ಕಾಣಲಿಲ್ಲ.

ಕೊಚ್ಚಿಯಲ್ಲಿ 1911ರಿಂದ ಚೀಟಿಗಳ ಮೇಲೆ ರಾಜರ ಭಾವಚಿತ್ರಗಳು ಬಂದವು. ಅರಮನೆ ಬಂದದ್ದು 1949ರಲ್ಲಿ. ಆ ವರ್ಷದ ಎರಡು ಚಿತ್ರಚೀಟಿಗಳ ಪೈಕಿ ಒಂದರಲ್ಲಿ ಚೀನೀ ಬಲೆಗಳು, ಮತ್ತೊಂದರಲ್ಲಿ ಡಚ್ ಅರಮನೆಯೆಂದು ಕರೆಯಲಾಗುವ ಮಟ್ಟಾಂಚೇರಿಯ ಕಟ್ಟಡ. ಅದೇ 1949ರ ಜುಲೈ 1ರಂದು ಕೊಚ್ಚಿ ರಾಜ್ಯ ತಿರುವಾಂಕೂರಿನೊಡನೆ ಸೇರಿ ತನ್ನ ಪ್ರತ್ಯೇಕ ಅಸ್ತಿತ್ವವನ್ನು ಕಳೆದುಕೊಂಡಿತು. ಅರಮನೆಯು ಅರಸನ ಮನೆಯಾಗಿದ್ದಷ್ಟು ಕಾಲ ಚಿತ್ರವಾಗಲಿಲ್ಲ. ಅರಸೊತ್ತಿಗೆ ಮುಗಿಯುವ ವರ್ಷದಲ್ಲಿ ಮೀನುಬಲೆಯ ಜೊತೆಗೆ ನೋಡತಕ್ಕ ತಾಣವಾಗಿ ಚೀಟಿಯನ್ನೇರಿತು. ಆಸ್ಟ್ರಿಯದ ನಾಣ್ಯಗಳಲ್ಲಿ ಕಂಡ ಕ್ರಮವೇ ಇಲ್ಲಿಯೂ ಇದೆ. ಆದುದರಿಂದ ಅರಮನೆಯ ಚಿತ್ರವುಳ್ಳ ಸ್ಮರಣಾರ್ಥ ವಸ್ತುವನ್ನು ಅರಸೊತ್ತಿಗೆಯ ಕಾಲದ ಆಕರವೆಂದು ಓದಲಾಗದು. ಅರಸೊತ್ತಿಗೆಯ ನಂತರದ ಕಾಲ ಅದನ್ನು ಹೇಗೆ ನೆನೆಯಬಯಸಿತು ಎಂಬುದಕ್ಕೆ ಅದು ಆಕರ.

4

ಇನ್ನು ಈ ಅರಮನೆಗಳ ರಚನೆಯತ್ತ ಬರೋಣ. ನಾಣ್ಯದ ಉಬ್ಬುಚಿತ್ರಕ್ಕೆ ದೊರೆಯುವ ಆಳ ಮಿಲಿಮೀಟರಿನ ಒಂದು ಅಂಶ ಮಾತ್ರ. ಅಷ್ಟರಲ್ಲಿ ಎದ್ದು ಕಾಣಬೇಕಾದರೆ ಕಟ್ಟಡಕ್ಕೆ ಸ್ಪಷ್ಟವಾದ ಮುಂಭಾಗ ಬೇಕು, ಎಡಬಲಗಳ ಸಮತೆ ಬೇಕು, ಆಕಾಶದ ಎದುರು ಗುರುತಿಸಬಹುದಾದ ರೇಖೆ ಬೇಕು. ಮೈಸೂರಿನ ಅರಮನೆಗೆ ಇವೆಲ್ಲ ಇವೆ. 1897ರ ಬೆಂಕಿಗೆ ಹಳೆಯ ಅರಮನೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಪೂರ್ಣಗೊಂಡ ಆ ಕಟ್ಟಡ ದೂರದಿಂದ, ಎದುರಿನಿಂದ, ಬಯಲಿನಲ್ಲಿ ನೆರೆದ ಜನ ನೋಡಲೆಂದೇ ಎದ್ದು ನಿಂತಿದೆ. ಕನ್ನಡಿಗರಾದ ನಮಗೆ ಅರಮನೆ ಎಂದೊಡನೆ ಮನಸ್ಸಿಗೆ ಬರುವುದು ಆ ಗುಮ್ಮಟಗಳ ಸಾಲು. ಈ ರೂಢಿಯ ಕಣ್ಣಿನಿಂದ ಕೇರಳದ ಅರಮನೆಗಳನ್ನು ನೋಡಿದರೆ ನಿರಾಶೆಯಾಗುವ ಸಂಭವವೇ ಹೆಚ್ಚು.

ಮಟ್ಟಾಂಚೇರಿಯ ಅರಮನೆಯನ್ನು ಪೋರ್ಚುಗೀಸರು ಸುಮಾರು 1555ರಲ್ಲಿ ಕಟ್ಟಿಸಿ ಕೊಚ್ಚಿಯ ಅರಸ ವೀರಕೇರಳವರ್ಮನಿಗೆ ಕೊಟ್ಟರು. ಡಚ್ಚರು 1663ರ ಸುಮಾರಿಗೆ ಅದನ್ನು ದುರಸ್ತಿ ಮಾಡಿಸಿದರು. ಹೆಸರು ಉಳಿದದ್ದು ದುರಸ್ತಿ ಮಾಡಿಸಿದವರದು. ಹೊರಗಿನಿಂದ ನೋಡಿದರೆ ಬಿಳಿಯ ಗೋಡೆ, ಇಳಿಜಾರಾದ ಹೆಂಚಿನ ಮಾಡು, ಇಷ್ಟೇ. ಅದರ ಸಾರ ಒಳಗಿದೆ. ಕಟ್ಟಡದ ನಡು ಅಂಗಳದಲ್ಲಿ ರಾಜಮನೆತನದ ಕುಲದೇವತೆ ಪಳಯನ್ನೂರು ಭಗವತಿಯ ಗುಡಿಯಿದೆ. ಅರಸನ ಪಳ್ಳಿಯರೆಯ, ಅಂದರೆ ಮಲಗುವ ಕೋಣೆಯ, ಗೋಡೆಗಳ ಮೇಲೆ ರಾಮಾಯಣದ ಭಿತ್ತಿಚಿತ್ರಗಳಿವೆ. ಬಣ್ಣವಿಲ್ಲದ ಲೋಹದಲ್ಲಿ ಇದರ ಹೊರಗೋಡೆಯನ್ನು ಮುದ್ರಿಸಿ ಕೆಳಗೆ ಡಚ್ ಅರಮನೆಯೆಂದು ಬರೆದರೆ, ಗುಡಿಯೂ ಹೋಯಿತು, ಚಿತ್ರಗಳೂ ಹೋದವು, ಕಟ್ಟಿಸಿದವರ ಹೆಸರೂ ಹೋಯಿತು.

ತಿರುವನಂತಪುರದ ಕೋಟೆಯೊಳಗೆ ಪದ್ಮನಾಭ ದೇವಾಲಯದ ಮಗ್ಗುಲಲ್ಲಿರುವ ಪುತ್ತನ್ ಮಾಳಿಗವನ್ನು ಕಟ್ಟಿಸಿದವನು 1829ರಿಂದ 1846ರವರೆಗೆ ಆಳಿದ ಸ್ವಾತಿ ತಿರುನಾಳ್. ಅನೇಕ ಭಾಷೆಗಳಲ್ಲಿ ಹಾಡುಗಳನ್ನು ಕಟ್ಟಿದ ಈ ಅರಸನು ಕನ್ನಡದಲ್ಲಿಯೂ ರಚಿಸಿದ್ದಾನೆಂಬುದನ್ನು ನಮ್ಮ ಓದುಗರು ಬಲ್ಲರು. ಸೂರಿನ ಕೆಳಗೆ ಮರದಲ್ಲಿ ಕೆತ್ತಿದ 122 ಕುದುರೆಗಳ ಸಾಲಿರುವುದರಿಂದ ಇದಕ್ಕೆ ಕುದಿರಮಾಳಿಗವೆಂಬ, ನಮ್ಮ ಮಾತಿನಲ್ಲಿ ಕುದುರೆ ಮಾಳಿಗೆಯೆಂಬ ಹೆಸರು ಬಂದಿದೆ. ಕಟ್ಟಡದ ಇಡೀ ಆಕಾರವನ್ನು ಬಿಲ್ಲೆಯೊಳಗೆ ಕೂರಿಸಹೊರಟರೆ ಮೊದಲು ಮಾಯವಾಗುವುದು, ಅದಕ್ಕೆ ಹೆಸರು ಕೊಟ್ಟ ಆ ಕುದುರೆಗಳೇ.

ಪದ್ಮನಾಭಪುರದ ಅರಮನೆಯ ವಿಷಯ ಇನ್ನೂ ಸೂಕ್ಷ್ಮ. 1795ರವರೆಗೆ ತಿರುವಾಂಕೂರಿನ ರಾಜಧಾನಿಯಾಗಿದ್ದ ಈ ಊರು 1956ರ ನವೆಂಬರ್ 1ರಿಂದ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಅರಮನೆಯ ಆಡಳಿತ ಕೇರಳ ಸರ್ಕಾರದ ಪುರಾತತ್ತ್ವ ಇಲಾಖೆಯದು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ನೆನೆದರೆ, ಗಡಿಯ ಒಂದು ಬದಿಯಲ್ಲಿ ಮನೆ, ಮತ್ತೊಂದು ಬದಿಯಲ್ಲಿ ಮನೆಯ ನೆನಪು ಎಂಬ ಸ್ಥಿತಿ ನಮಗೆ ಬೇಗ ಅರ್ಥವಾಗುತ್ತದೆ. ಇಲ್ಲಿನ ಅತ್ಯಂತ ಎತ್ತರದ ಕಟ್ಟಡವಾದ ಉಪ್ಪಿರಿಕ ಮಾಳಿಗ ಮಾರ್ತಾಂಡವರ್ಮನ ಕಾಲದ್ದು. ಅದರ ನಾಲ್ಕು ಅಂತಸ್ತುಗಳಲ್ಲಿ ಮೇಲಿನದು ಅರಸನದಲ್ಲ. ಪದ್ಮನಾಭನಿಗೆಂದು ಮೀಸಲಾಗಿ, ಭಿತ್ತಿಚಿತ್ರಗಳಿಂದ ತುಂಬಿದೆ. ತೃಪ್ಪಡಿದಾನದ ತತ್ತ್ವವನ್ನು ಬಡಗಿಗಳು ಮರದಲ್ಲಿ ಕಟ್ಟಿದ್ದಾರೆಂದರೆ ತಪ್ಪಾಗದು.

ಭಾಷೆಯ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಕನ್ನಡದ ಅರಮನೆ ಅರಸನ ಮನೆಯೆಂಬ ಅರ್ಥವನ್ನು ನೇರವಾಗಿ ಕೊಡುತ್ತದೆ. ತಮಿಳು ಮಲಯಾಳಗಳ ಕೋಯಿಲ್ ಅಥವಾ ಕೋವಿಲ್ ಎಂಬ ಮಾತಿಗಾದರೆ ದೇವಾಲಯವೆಂಬ ಅರ್ಥವೂ ಇತ್ತು, ರಾಜಗೃಹವೆಂಬ ಅರ್ಥವೂ ಇತ್ತು. ಅದೇ ಮೂಲದ ಕೋವಿಲಗಂ ಕೇರಳದ ರಾಜಮನೆಗಳಿಗೆ ಹೆಸರಾಗಿ ನಿಂತಿತು. ಅರಮನ ಎಂಬ ರೂಪ ಇಂದಿನ ಮಲಯಾಳದಲ್ಲಿ ಹೆಚ್ಚಾಗಿ ಬಿಷಪ್ಪರ ನಿವಾಸವನ್ನು ಸೂಚಿಸುತ್ತದೆ. ದೊರೆಯ ಮನೆ ಮತ್ತು ದೇವರ ಮನೆಗಳ ನಡುವೆ ನಾವು ಎಳೆಯುವಷ್ಟು ಗಟ್ಟಿಯಾದ ಗೆರೆಯನ್ನು ಆ ಭಾಷೆ ಎಳೆದಿಲ್ಲ. ಶಂಖವು ಒಂದೇ ಗುರುತಿನಲ್ಲಿ ಎರಡನ್ನೂ ಹೇಳಿತು. ಅರಮನೆಯ ಮುಂಭಾಗ ಒಂದನ್ನು ಕೂಡ ಪೂರ್ತಿಯಾಗಿ ಹೇಳಲಾರದು.

5

ಹೀಗೆಂದ ಮಾತ್ರಕ್ಕೆ ಶಂಖದ ನಾಣ್ಯವೇ ಸತ್ಯ, ಅರಮನೆಯ ನಾಣ್ಯ ಸುಳ್ಳು ಎಂದು ನಾವು ಹೇಳುತ್ತಿಲ್ಲ. ಶಂಖದ ಗುರುತೂ ನಿರ್ದೋಷಿಯಲ್ಲ. ಆ ನಾಣ್ಯ ತಿರುವಾಂಕೂರಿನ ಎಲ್ಲ ಜಾತಿಯವರ ಕೈಯಲ್ಲೂ ಓಡಾಡಿತು. ಆದರೆ ಆ ಶಂಖ ಯಾವ ದೇವರದೋ ಆ ದೇವರ ಗುಡಿಯೊಳಗೆ ಕಾಲಿಡುವ ಹಕ್ಕು ಅವರಲ್ಲಿ ಬಹುಪಾಲು ಜನರಿಗೆ 1936ರವರೆಗೆ ಇರಲಿಲ್ಲ. ತೆರಿಗೆಯನ್ನೂ ಊಳಿಯಂ ಎಂಬ ಬಿಟ್ಟಿದುಡಿಮೆಯನ್ನೂ ದೇವರ ಹೆಸರಿನಲ್ಲಿ ಪವಿತ್ರಗೊಳಿಸಲು ಲಾಂಛನ ನೆರವಾಯಿತು. ಅರಮನೆಯ ಚಿತ್ರ ಸೌಂದರ್ಯದ ಹೆಸರಿನಲ್ಲಿ ಅದೇ ದುಡಿಮೆಯನ್ನು ಮರೆಸುತ್ತದೆ. ಸೂರಿನ ಕುದುರೆಗಳನ್ನು ಕೆತ್ತಿದ ಕೈಗಳು ಹಳೆಯ ಬೆಳ್ಳಿಯಲ್ಲೂ ಇಲ್ಲ, ಹೊಸ ಬೆಳ್ಳಿಯಲ್ಲೂ ಇಲ್ಲ.

ಸ್ಮರಣಾರ್ಥ ಬಿಲ್ಲೆ ಕೇವಲ ನೆನಪಿನ ಕಾಣಿಕೆ, ಅದರ ಮೇಲೆ ಇಷ್ಟೊಂದು ಭಾರ ಹೊರಿಸಬೇಕೇ ಎಂದು ಕೇಳಬಹುದು. ನಾಣ್ಯಶಾಸ್ತ್ರದ ಅನುಭವ ಇದಕ್ಕೆ ಉತ್ತರ ಕೊಡುತ್ತದೆ. ಗ್ರಂಥಗಳು ಅಳಿದು ಕಟ್ಟಡಗಳು ಉರುಳಿದ ಮೇಲೂ ಲೋಹ ಉಳಿಯುತ್ತದೆ; ಉಳಿದುದನ್ನೇ ಆಧಾರವಾಗಿಸಿಕೊಂಡು ಚರಿತ್ರೆ ಬರೆಯುತ್ತೇವೆ. ಸರ್ಕಾರದ ಹೆಸರಿನಲ್ಲಿ ಮುದ್ರಿತವಾದ ಬಿಂಬಕ್ಕೆ ಶಾಸನದಷ್ಟೇ ತೂಕವಿದೆ. ಆದುದರಿಂದ ಅದರ ಮೇಲೆ ಏನಿರಬೇಕೆಂಬುದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ.

ಹಾಗಾದರೆ ಕೊಚ್ಚಿ ಮತ್ತು ತಿರುವನಂತಪುರಗಳ ಅರಮನೆಗಳನ್ನು ಬೆಳ್ಳಿಯಲ್ಲಿ ಸ್ಮರಿಸಬಾರದೇ? ಸ್ಮರಿಸಬಹುದು, ಆದರೆ ಅವು ಇಂದು ಏನಾಗಿವೆಯೋ ಅದನ್ನು ಅರಿತು ಸ್ಮರಿಸಬೇಕು. ತ್ರಿಪ್ಪುಣಿತ್ತುರದ ಹಿಲ್ ಪ್ಯಾಲೇಸ್ 1865ರಲ್ಲಿ ಕೊಚ್ಚಿಯ ಅರಸರಿಗಾಗಿ ಕಟ್ಟಿದ್ದು. 49 ಕಟ್ಟಡಗಳ ಆ ಸಮೂಹ 1986ರಿಂದ ಸಾರ್ವಜನಿಕ ವಸ್ತುಸಂಗ್ರಹಾಲಯ. ಮಟ್ಟಾಂಚೇರಿಯ ಅರಮನೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದ್ದು, ಪಳ್ಳಿಯರೆಯ ಗೋಡೆಯ ಮುಂದೆ ಇಂದು ಯಾರು ಬೇಕಾದರೂ ನಿಲ್ಲಬಹುದು. ತಿರುವನಂತಪುರ ಜಿಲ್ಲೆಯ ನೆಡುಮಂಗಾಡಿನಲ್ಲಿ ಉಮಯಮ್ಮ ರಾಣಿಯ ಹೆಸರಿನೊಡನೆ ಸೇರಿಬಂದಿರುವ ಕೋಯಿಕ್ಕಲ್ ಅರಮನೆ ಇಂದು ನಾಣ್ಯಗಳ ಸಂಗ್ರಹಾಲಯವೇ ಆಗಿದೆ. ಅರಮನೆಯನ್ನು ನಾಣ್ಯದೊಳಗೆ ಇಡುವ ಮೊದಲೇ ಕೇರಳ ನಾಣ್ಯವನ್ನು ಅರಮನೆಯೊಳಗೆ ಇಟ್ಟಿತು. ಅನಂತರಾಯನ್ ಪಣವನ್ನು ಅಲ್ಲಿ ಯಾವ ಪ್ರಜೆಯ ಮಕ್ಕಳಾದರೂ ನೋಡಬಹುದು.

ನಮ್ಮ ದೃಷ್ಟಿಯಲ್ಲಿ ಸ್ಮರಣೆಗೆ ಯೋಗ್ಯವಾದ ಘಟನೆ ಅರಮನೆ ಕಟ್ಟಿದ್ದಲ್ಲ, ಅದರ ಬಾಗಿಲು ತೆರೆದದ್ದು. ಇಂಥ ನಾಣ್ಯದಲ್ಲಿ ಇಡೀ ಕಟ್ಟಡದ ದೂರದ ನೋಟಕ್ಕಿಂತ ಮರದ ಒಂದು ಕುದುರೆಯೋ, ತೆರೆದ ಒಂದು ಕದವೋ ಹೆಚ್ಚು ಅರ್ಥಪೂರ್ಣವಾಗಬಲ್ಲದು. ವರ್ಷವನ್ನು ಬರೆಯುವುದಾದರೆ ಅಡಿಗಲ್ಲಿನ ವರ್ಷದ ಬದಲು ಪ್ರವೇಶದ ವರ್ಷ ಬರೆಯುವುದು ನ್ಯಾಯ. ಮೈಸೂರು, ಕೆಳದಿ, ಕುಂಬಳೆಗಳ ರಾಜಸ್ಮೃತಿಯನ್ನು ಅಭ್ಯಾಸ ಮಾಡುವ ಕನ್ನಡದ ಸಂಶೋಧಕರು ಕೂಡ ಸ್ಮರಣಾರ್ಥ ನಾಣ್ಯ, ಪದಕ ಮತ್ತು ಅಂಚೆಚೀಟಿಗಳನ್ನು ಈ ಕ್ರಮದಲ್ಲಿ ಒಟ್ಟಿಗೆ ಇಟ್ಟು ನೋಡಿದರೆ, ಯಾವ ಬಿಂಬ ಯಾವ ವರ್ಷದಲ್ಲಿ ಬಂತು ಎಂಬ ಸರಳ ಪ್ರಶ್ನೆಯಿಂದಲೇ ಬಹಳಷ್ಟು ವಿಷಯ ಹೊರಬರುವುದೆಂದು ನಾವು ಭಾವಿಸುತ್ತೇವೆ.